ಟಿಪ್ಪು ಸುಲ್ತಾನನ ನಾಣ್ಯಗಳು

ಟಿಪ್ಪು ಸುಲ್ತಾನನೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅವನ ಖಡ್ಗ. ನಾನಾದರೋ ಅವನ ಬಾಳನ್ನು ಅವನ ನಾಣ್ಯಗಳ ಮೂಲಕ ಹೇಳಬಯಸುತ್ತೇನೆ. ತಾನು ಯಾರಿಗೂ ಅಧೀನನಲ್ಲವೆಂಬುದನ್ನು ಅವನು ಪ್ರಜೆಗಳ ಕೈಗೇ ಮುಟ್ಟಿಸಿದ್ದು ಅವುಗಳಿಂದ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, 1782ರ ಡಿಸೆಂಬರಿನಲ್ಲಿ ತಂದೆ ಹೈದರಾಲಿಯು ತೀರಿಕೊಂಡ ಮೇಲೆ ಅಧಿಕಾರಕ್ಕೆ ಬಂದನು. ಬಿದನೂರನ್ನು ಗೆದ್ದ ಹೈದರನು ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಒತ್ತಿಸಿದ್ದನು. ಜನರು ನಂಬಿದ ನಾಣ್ಯವನ್ನು ಕದಲಿಸದ ಜಾಣತನವದು.

ಮಗನ ಹಾದಿ ಬೇರೆಯಾಯಿತು. ದೆಹಲಿಯ ಬಾದಶಹ ಷಾ ಆಲಮನು ಬಲಗುಂದಿದ್ದರೂ ರೂಪಾಯಿಯ ಮೇಲೆ ಅವನ ಹೆಸರನ್ನು ಹಾಕುವುದು ಅಂದಿನ ರೂಢಿ. ಇಂಗ್ಲಿಷ್ ಕಂಪನಿಯವರು ಕೂಡ 1835ರವರೆಗೆ ಆ ರೂಢಿಯನ್ನು ಪೂರ್ತಿಯಾಗಿ ಬಿಡಲಿಲ್ಲ. ಟಿಪ್ಪು ಬಾದಶಹನ ಹೆಸರನ್ನು ಕೈಬಿಟ್ಟನು. ವಿಚಿತ್ರವೆಂದರೆ ತನ್ನ ಹೆಸರನ್ನೂ ಹಾಕಿಸಲಿಲ್ಲ. ಶ್ರೀರಂಗಪಟ್ಟಣದ ಟಂಕಸಾಲೆಯಿಂದ ಇಮಾಮಿ ಎಂಬ ರೂಪಾಯಿ, ಹೈದರಿ ಎಂಬ ಜೋಡಿ ರೂಪಾಯಿ, ಅಕ್ಷರವರಿಯದವನೂ ಗುರುತಿಸಬಲ್ಲ ಆನೆಯ ತಾಮ್ರದ ಕಾಸು ಹೊರಟವು. ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವನ್ನು ಬಲದಿಂದ ಎಡಕ್ಕೆ ಬರೆಯಿಸಿದನು.

ಆದರೆ ನಾಣ್ಯದ ಮೇಲೆ ಸಾರಿದ ಸ್ವಾತಂತ್ರ್ಯವನ್ನು ರಣರಂಗದಲ್ಲಿ ಉಳಿಸಿಕೊಳ್ಳಬೇಕಾಗಿತ್ತು. ಅದಕ್ಕಾಗಿ ಫ್ರೆಂಚರ ನೆರವನ್ನು ನೆಚ್ಚಿದನು. ಅವರ ಪಡೆ ಬೀಡುಬಿಟ್ಟಿದ್ದ ಇಂದಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿದಿತ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿದ್ದಿತು. ಇಬ್ಬರು ಮಕ್ಕಳು ಒತ್ತೆಯಾದರು. 1799ರ ಮೇ 4ರಂದು ಕೋಟೆಯೊಳಗೆ ಹೋರಾಡುತ್ತಲೇ ಅವನು ಮಡಿದನು.

ಅವನನ್ನು ನಾವು ಹೇಗೆ ನೆನೆಯಬೇಕು? ಪರರಿಗೆ ತಲೆಬಾಗದ ಛಲ ದೊಡ್ಡದು. ಆದರೆ ಕೊಡಗು, ಮಲಬಾರುಗಳಲ್ಲಿ ಅವನ ದಂಡಿನಿಂದ ನೊಂದವರನ್ನು ಮರೆತು ಹೊಗಳಿದರೆ ಅದು ಚರಿತ್ರೆಯಾಗದು. ಅವನು ಕಾದಾಡಿದ್ದು ಅರಸನ ಸ್ವಾತಂತ್ರ್ಯಕ್ಕಾಗಿ. ಪ್ರಜೆಯು ತನ್ನನ್ನು ತಾನೇ ಆಳಿಕೊಳ್ಳಬೇಕೆಂಬ ಭಾವನೆ ಆ ಕಾಲದ ನಮ್ಮ ಅರಸರಲ್ಲಿರಲಿಲ್ಲ.

ಭಾರತ ಸ್ವತಂತ್ರವಾದ ಮೇಲೆ, 1949ರ ಒಂದು ರೂಪಾಯಿ ನೋಟಿನಲ್ಲಿಯೂ 1950ರ ನಾಣ್ಯಗಳಲ್ಲಿಯೂ ಆರನೆಯ ಜಾರ್ಜ್ ದೊರೆಯ ಮುಖ ಹೋಗಿ ಅಶೋಕಸ್ತಂಭದ ಸಿಂಹಗಳು ಬಂದವು. ಟಿಪ್ಪು ಅಳಿಸಿದ್ದು ದೆಹಲಿಯ ಬಾದಶಹನೊಬ್ಬನ ಹೆಸರನ್ನು. ಈ ನಾಣ್ಯದಿಂದ ದೊರೆತನವೇ ಅಳಿಸಿಹೋಗಿದೆ. ಅದರ ಬೆಲೆಯನ್ನು ಕಾಪಾಡುವ ಹೊಣೆ ಈಗ ಯಾವ ಸುಲ್ತಾನನದೂ ಅಲ್ಲ, ನಮ್ಮದು.