ಅಲೆಕ್ಸಾಂಡರ್ ಮಿಚೆಲ್ ಕೆಲ್ಲಾಸ್

ಅಲೆಕ್ಸಾಂಡರ್ ಮಿಚೆಲ್ ಕೆಲ್ಲಾಸ್ (ಜೂನ್ 21, 1868 – ಜೂನ್ 5, 1921) ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞರು ಹಾಗೂ ಪರ್ವತಾರೋಹಿಗಳು. ಎತ್ತರದ ಪ್ರದೇಶಗಳಲ್ಲಿ ಮಾನವ ದೇಹವು ಹೇಗೆ ವರ್ತಿಸುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ, ಎವರೆಸ್ಟ್ ಶಿಖರಾರೋಹಣಕ್ಕೆ ಲೆಕ್ಕಾಚಾರದ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು. ಎವರೆಸ್ಟನ್ನು ಕುರಿತ ಮೊದಲ ಅನ್ವೇಷಣಾ ಯಾತ್ರೆಯಲ್ಲಿ, ಪರ್ವತದ ಬುಡ ತಲುಪುವ ಮೊದಲೇ ಟಿಬೆಟ್ಟಿನಲ್ಲಿ ನಿಧನರಾದರು.

ಜನನ ಮತ್ತು ವಿದ್ಯಾಭ್ಯಾಸ

ಕೆಲ್ಲಾಸ್ ಸ್ಕಾಟ್ಲೆಂಡಿನ ಬಂದರು ನಗರವಾದ ಅಬರ್ಡೀನ್‌ನಲ್ಲಿ ಜನಿಸಿದರು. ಬಾಲ್ಯದಿಂದಲೇ ಅಲ್ಲಿನ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಅಲೆದಾಡುವ ಅಭ್ಯಾಸ ಅವರಿಗಿತ್ತು. ಅಬರ್ಡೀನ್, ಎಡಿನ್‌ಬರೊ ಮತ್ತು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ 1897ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಆರ್ಗಾನ್ ಮತ್ತು ಹೀಲಿಯಂ ಅನಿಲಗಳ ಸಂಶೋಧನೆಯಿಂದ ಪ್ರಸಿದ್ಧರಾದ ವಿಲಿಯಂ ರಾಮ್ಸೆ ಅವರಿಗೆ ಸಹಾಯಕರಾಗಿದ್ದರು. 1900ರಿಂದ 1919ರವರೆಗೆ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರಾಗಿ ಸೇವೆ ಸಲ್ಲಿಸಿದರು.

ಹಿಮಾಲಯದ ಯಾತ್ರೆಗಳು

ಕೆಲ್ಲಾಸರು ಮೊದಲ ಬಾರಿಗೆ ಹಿಮಾಲಯಕ್ಕೆ ಬಂದದ್ದು 1907ರಲ್ಲಿ. ಆ ಬಳಿಕ ಕಾಲೇಜಿನ ಬೇಸಿಗೆ ರಜೆಯನ್ನು ಬಳಸಿಕೊಂಡು ಮತ್ತೆ ಮತ್ತೆ ಸಿಕ್ಕಿಂಗೆ ಬಂದರು. ಅಂದಿನ ಯುರೋಪಿಯನ್ ಆರೋಹಿಗಳು ಸಾಮಾನ್ಯವಾಗಿ ಆಲ್ಪ್ಸ್ ಪರ್ವತಗಳ ಮಾರ್ಗದರ್ಶಕರನ್ನು ಜೊತೆಗೆ ಕರೆತರುತ್ತಿದ್ದರು. ಕೆಲ್ಲಾಸರು ಆ ಪದ್ಧತಿಯನ್ನು ಕೈಬಿಟ್ಟು, ಶೆರ್ಪಾ ಮತ್ತು ಭುಟಿಯಾ ಜನರನ್ನೇ ಆರಿಸಿ, ಹಗ್ಗ ಹಾಗೂ ಹಿಮಗೊಡಲಿಯ ಬಳಕೆಯನ್ನು ಕಲಿಸಿ ಸಹ ಆರೋಹಿಗಳನ್ನಾಗಿ ಮಾಡಿಕೊಂಡರು. ಎತ್ತರದ ಆರೋಹಣಕ್ಕೆ ಶೆರ್ಪಾಗಳು ಅತ್ಯಂತ ಸಮರ್ಥರೆಂಬುದನ್ನು ಪರ್ವತಾರೋಹಿಗಳ ವಲಯಕ್ಕೆ ಮನಗಾಣಿಸಿದ ಕೀರ್ತಿ ಬಹುಮಟ್ಟಿಗೆ ಇವರಿಗೆ ಸಲ್ಲುತ್ತದೆ.

1911ರಲ್ಲಿ ಅವರು ಸಿಕ್ಕಿಂ–ಟಿಬೆಟ್ ಗಡಿಯಲ್ಲಿರುವ ಪೌಹುನ್ರಿ (7,128 ಮೀಟರ್) ಶಿಖರವನ್ನು ಶೆರ್ಪಾ ಸಂಗಾತಿಗಳೊಂದಿಗೆ ಮೊದಲ ಬಾರಿಗೆ ಏರಿದರು. ಆಗ ಯಾರೂ ಅದನ್ನು ದಾಖಲೆಯೆಂದು ಗುರುತಿಸಲಿಲ್ಲ. ನಂತರದ ಮಾಪನಗಳಿಂದ ಪೌಹುನ್ರಿಯು 1907ರಲ್ಲಿ ಏರಲಾಗಿದ್ದ ತ್ರಿಶೂಲ್ ಶಿಖರಕ್ಕಿಂತ (7,120 ಮೀಟರ್) ತುಸು ಎತ್ತರವೆಂದು ತಿಳಿದುಬಂದಿತು. ಹೀಗಾಗಿ ಆ ಕಾಲದಲ್ಲಿ ಮಾನವನು ಏರಿದ ಅತಿ ಎತ್ತರದ ಶಿಖರ ಅದೇ ಆಗಿತ್ತು. ಚೊಮಿಯೊಮೊ ಮತ್ತು ಕಾಂಗ್‌ಚೆಂಗ್ಯಾವ್ ಶಿಖರಗಳನ್ನೂ ಕೆಲ್ಲಾಸರು ಏರಿದ್ದರು. ಪ್ರಚಾರದಲ್ಲಿ ಆಸಕ್ತಿ ಇಲ್ಲದ ಅವರು ತಮ್ಮ ಆರೋಹಣಗಳ ಬಗ್ಗೆ ಬರೆದದ್ದು ಬಹಳ ಕಡಿಮೆ.

ಎತ್ತರ ಮತ್ತು ಉಸಿರಾಟದ ಅಧ್ಯಯನ

ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡವು ಪಾದರಸದ 760 ಮಿಲಿಮೀಟರ್‌ಗಳಷ್ಟಿರುತ್ತದೆ. ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಾಗಲಿ, ಅಲ್ಲಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿನ ಕಮಲಾಪುರದಲ್ಲಾಗಲಿ ವಾಸಿಸುವವರಿಗೆ ಈ ಒತ್ತಡದಲ್ಲಿನ ಅಲ್ಪ ಇಳಿಕೆ ಅರಿವಿಗೇ ಬರುವುದಿಲ್ಲ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ (ಸುಮಾರು 1,930 ಮೀಟರ್) ಆರೋಗ್ಯವಂತರಿಗೆ ಉಸಿರಿನ ತೊಂದರೆ ಕೊಡುವಷ್ಟು ಎತ್ತರದ್ದಲ್ಲ. ಆದರೆ ಎವರೆಸ್ಟ್ ಶಿಖರದಲ್ಲಿ ಒತ್ತಡವು ಸಮುದ್ರಮಟ್ಟದ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂಥಲ್ಲಿ ಮನುಷ್ಯನು ಜೀವಂತವಾಗಿ ನಡೆಯಬಲ್ಲನೇ ಎಂಬುದೇ ಕೆಲ್ಲಾಸರ ಮುಂದಿದ್ದ ಪ್ರಶ್ನೆ.

ಈ ಶಿಖರದ ಎತ್ತರವು ತಿಳಿದದ್ದು ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಿಂದ. ವಿಲಿಯಂ ಲ್ಯಾಂಬ್ಟನ್ ದಕ್ಷಿಣ ಭಾರತದಲ್ಲಿ ಆರಂಭಿಸಿದ ಆ ಅಳತೆಯ ಸರಪಳಿಯು ಅಂದಿನ ನಿಜಾಮ ಸಂಸ್ಥಾನವನ್ನು ಹಾದುಹೋಯಿತು. ಅದರ ಒಂದು ಆಧಾರರೇಖೆಯನ್ನು 1815ರಲ್ಲಿ ಕಲಬುರಗಿಯ ನೆರೆಯ ಬೀದರ್ ಸಮೀಪ ಅಳೆಯಲಾಯಿತು. ಇದೇ ಸರ್ವೇಕ್ಷಣೆಯು ಉತ್ತರಕ್ಕೆ ಮುಂದುವರಿದು, ಎವರೆಸ್ಟಿನ ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು.

ಎತ್ತರದ ಹಿಮಾಲಯ ಶಿಖರಗಳ ಆರೋಹಣದ ಸಾಧ್ಯತೆಯನ್ನು ಕುರಿತ ಕೆಲ್ಲಾಸರ ಲೇಖನ 1917ರಲ್ಲಿ ಪ್ರಕಟವಾಯಿತು. ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ ಅವರೊಂದಿಗೆ ಕಡಿಮೆ ಒತ್ತಡದ ಕೋಣೆಯಲ್ಲಿ ಸ್ವತಃ ಕುಳಿತು ಪ್ರಯೋಗಗಳಿಗೆ ಒಳಗಾದರು. ಅವುಗಳ ಫಲಿತಾಂಶ 1919ರಲ್ಲಿ ಹೊರಬಂದಿತು. 1920ರಲ್ಲಿ ಎವರೆಸ್ಟ್ ಆರೋಹಣದ ಸಾಧ್ಯತೆಯನ್ನೇ ಕುರಿತು ಒಂದು ವಿಸ್ತೃತ ಪ್ರಬಂಧ ರಚಿಸಿದರು. ಶಿಖರದ ತುದಿಯಲ್ಲಿನ ಒತ್ತಡ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ದೇಹವು ಹೀರಬಲ್ಲ ಗರಿಷ್ಠ ಆಮ್ಲಜನಕ, ಅದರಿಂದ ಗಂಟೆಗೆ ಎಷ್ಟು ಅಡಿ ಏರಬಹುದು ಎಂಬುದನ್ನೆಲ್ಲ ಅದರಲ್ಲಿ ಲೆಕ್ಕ ಹಾಕಿದರು. ತುದಿಯ ಸಮೀಪ ಗಂಟೆಗೆ ಸುಮಾರು 300ರಿಂದ 350 ಅಡಿ ಏರುವುದು ಸಾಧ್ಯವೆಂದು ಅಂದಾಜಿಸಿದರು. ದೇಹ ಮತ್ತು ಮನಸ್ಸು ಎರಡೂ ದೃಢವಾಗಿದ್ದು, ಉತ್ತಮ ತರಬೇತಿ ಹೊಂದಿ, ಎತ್ತರಕ್ಕೆ ಹಂತಹಂತವಾಗಿ ಒಗ್ಗಿಕೊಂಡ ವ್ಯಕ್ತಿಯು, ದಾರಿ ಅತಿ ಕಠಿಣವಾಗಿರದಿದ್ದರೆ, ಕೃತಕ ಆಮ್ಲಜನಕವಿಲ್ಲದೆಯೂ ಶಿಖರವನ್ನು ತಲುಪಬಹುದೆಂಬುದು ಅವರ ನಿರ್ಣಯವಾಗಿತ್ತು.

ಕಾಮೆಟ್ ಪರೀಕ್ಷೆ

ಕಾಗದದ ಲೆಕ್ಕವನ್ನು ಬೆಟ್ಟದ ಮೇಲೆ ಪರೀಕ್ಷಿಸಲು ಕೆಲ್ಲಾಸರು 1920ರಲ್ಲಿ ಗಢವಾಲಿನ ಕಾಮೆಟ್ (7,756 ಮೀಟರ್) ಪರ್ವತಕ್ಕೆ ಹೋದರು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹೆನ್ರಿ ಮೋರ್ಸ್‌ಹೆಡ್ ಜೊತೆಗಿದ್ದರು. ಒಯ್ದಿದ್ದ ಆಮ್ಲಜನಕದ ಸಿಲಿಂಡರುಗಳು ಕೊಡುವ ನೆರವಿಗಿಂತ ಅವುಗಳ ಭಾರವೇ ಹೆಚ್ಚೆಂದು ಅಲ್ಲಿ ಕಂಡುಬಂದಿತು. ತಂಡವು ಸುಮಾರು 7,200 ಮೀಟರ್‌ವರೆಗೆ ಏರಿ, ತುದಿ ತಲುಪದೆ ಹಿಂತಿರುಗಿತು.

ಕೊನೆಯ ಯಾತ್ರೆ ಮತ್ತು ನಿಧನ

ಈ ಹೊತ್ತಿಗೆ ಕೆಲ್ಲಾಸರ ಆರೋಗ್ಯ ಕುಗ್ಗಿತ್ತು. ಅತಿಯಾದ ದುಡಿಮೆ ಹಾಗೂ ಮಾನಸಿಕ ಅಸ್ವಾಸ್ಥ್ಯದಿಂದಾಗಿ ಅವರು 1919ರಲ್ಲಿಯೇ ಉಪನ್ಯಾಸಕ ಹುದ್ದೆಯನ್ನು ತೊರೆದಿದ್ದರು. ಆದರೂ 1921ರ ಎವರೆಸ್ಟ್ ಅನ್ವೇಷಣಾ ತಂಡಕ್ಕೆ ಅವರಷ್ಟು ಅನುಭವಿ ಬೇರೊಬ್ಬರಿರಲಿಲ್ಲ. ಹೋವರ್ಡ್-ಬ್ಯೂರಿ ನಾಯಕತ್ವದ ಆ ತಂಡದಲ್ಲಿ ಜಾರ್ಜ್ ಮ್ಯಾಲರಿಯೂ ಇದ್ದರು. ತಂಡವು ಡಾರ್ಜಿಲಿಂಗ್‌ನಲ್ಲಿ ಸೇರುವ ಮುನ್ನಿನ ವಾರಗಳನ್ನು ಕೆಲ್ಲಾಸರು ವಿಶ್ರಾಂತಿಗೆ ಮೀಸಲಿಡದೆ ಸಿಕ್ಕಿಮಿನ ಹಿಮಶಿಖರಗಳಲ್ಲಿ ಕಳೆದರು. ಹೊರಡಲು ಕೆಲವೇ ದಿನಗಳಿರುವಾಗ ಬಳಲಿ ಮರಳಿದರು.

ಮೇ ತಿಂಗಳಲ್ಲಿ ತಂಡವು ಡಾರ್ಜಿಲಿಂಗ್ ಬಿಟ್ಟಿತು. ದಾರಿಯಲ್ಲಿ ಕೆಲ್ಲಾಸರು ಆಮಶಂಕೆಯಿಂದ ನರಳಿ ಡೋಲಿಯಲ್ಲಿ ಸಾಗಬೇಕಾಯಿತು. ಜೂನ್ 5ರಂದು, ಕಾಂಪಾ ಝೋಂಗ್ ಕೋಟೆ ಸಮೀಪಿಸುತ್ತಿದ್ದಂತೆ, ಎತ್ತರದ ಕಣಿವೆ ದಾರಿಯನ್ನು ದಾಟುವಾಗ ಹೃದಯ ನಿಂತು ಅಸುನೀಗಿದರು. ಐವತ್ತಮೂರು ತುಂಬಲು ಆಗ ಕೇವಲ ಹದಿನಾರು ದಿನ ಉಳಿದಿತ್ತು. ತಾವು ಏರಿದ್ದ ಪೌಹುನ್ರಿ, ಚೊಮಿಯೊಮೊ, ಕಾಂಗ್‌ಚೆಂಗ್ಯಾವ್ ಶಿಖರಗಳು ಕಾಣುವಂತಹ ಗುಡ್ಡದ ಇಳಿಜಾರಿನಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಇತರರ ದೇಹಕ್ಕೆ ಎಷ್ಟು ಆಮ್ಲಜನಕ, ಎಷ್ಟು ಕಾಲಾವಕಾಶ ಬೇಕೆಂದು ಲೆಕ್ಕ ಹಾಕಿದ್ದ ಅವರು ತಮ್ಮ ದೇಹಕ್ಕೆ ಅಗತ್ಯವಾಗಿದ್ದ ವಿಶ್ರಾಂತಿಯನ್ನು ಕೊಟ್ಟಿರಲಿಲ್ಲ. ಅವರ ಮರಣದಿಂದ ತಂಡವು ಎತ್ತರದ ಶರೀರಕ್ರಿಯೆಯನ್ನು ಬಲ್ಲ ತನ್ನ ಏಕೈಕ ತಜ್ಞರನ್ನು ಕಳೆದುಕೊಂಡಿತು.

ಪರಂಪರೆ

1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಆಮ್ಲಜನಕದ ನೆರವಿನಿಂದ ಎವರೆಸ್ಟ್ ಏರಿದರು. 1978ರ ಮೇ 8ರಂದು ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಅದಿಲ್ಲದೆ ತುದಿ ತಲುಪಿದಾಗ ಕೆಲ್ಲಾಸರ ನಿರ್ಣಯ ಸರಿಯೆಂದು ಸಿದ್ಧವಾಯಿತು. ಶಿಖರದಲ್ಲಿನ ಒತ್ತಡ 251 ಮಿಲಿಮೀಟರ್ ಎಂದು ಅವರು ಅಂದಾಜಿಸಿದ್ದರು. 1981ರಲ್ಲಿ ತುದಿಯಲ್ಲಿಯೇ ಅಳೆದಾಗ ದೊರೆತ ಅಂಕಿ 253.

1920ರ ಪ್ರಬಂಧದ ಇಂಗ್ಲಿಷ್ ಮೂಲವು 2001ರಲ್ಲಿ ಮೊದಲ ಬಾರಿಗೆ ಪ್ರಕಟವಾಯಿತು. ಇಯಾನ್ ಮಿಚೆಲ್ ಮತ್ತು ಜಾರ್ಜ್ ರಾಡ್ವೇ ಬರೆದ ಕೆಲ್ಲಾಸರ ಜೀವನಚರಿತ್ರೆ 2011ರಲ್ಲಿ ಹೊರಬಂದಿತು. ಸಿಕ್ಕಿಂ–ಟಿಬೆಟ್ ಗಡಿಯ ಒಂದು ಶಿಖರಕ್ಕೆ ಕೆಲ್ಲಾಸ್ ಶಿಖರವೆಂದು ಹೆಸರಿಡಲಾಗಿದೆ.