ಡ್ಯೂಕ್ ಕಹನಮೋಕು ಮತ್ತು ಅವನ ಹಲಗೆ

ಮುಂಬಯಿಯಲ್ಲಿ ಬೆಳೆಯುತ್ತಿರುವ ನಿಮಗೆ ಕಡಲು ಹೊಸದಲ್ಲ. ಚೌಪಾಟಿಯ ಮರಳಿನ ಮೇಲೆ ಕುಳಿತು ಅಲೆಗಳನ್ನು ಎಣಿಸದ ಬಾಲಕನು ನಮ್ಮ ಶಾಲೆಯಲ್ಲಿ ಇರಲಾರನು. ಆದರೆ ಆ ಅಲೆಯ ಬೆನ್ನನ್ನೇರಿ, ಒಂದು ಹಲಗೆಯ ಮೇಲೆ ನೇರವಾಗಿ ನಿಂತು, ದಡದವರೆಗೆ ಸವಾರಿ ಮಾಡಿಕೊಂಡು ಬರುವ ವಿದ್ಯೆಯೊಂದಿದೆ. ಆ ವಿದ್ಯೆಯನ್ನು ತನ್ನ ಪುಟ್ಟ ದ್ವೀಪದಿಂದ ಲೋಕಕ್ಕೆಲ್ಲ ಪರಿಚಯಿಸಿದವನು ಡ್ಯೂಕ್ ಕಹನಮೋಕು. ಅವನ ಜೀವನವನ್ನು ತಿಳಿದರೆ, ಒಳ್ಳೆಯ ಹಲಗೆಯನ್ನು ಆರಿಸುವುದು ಹೇಗೆಂಬುದೂ, ಆರಿಸಿದ ಹಲಗೆಯನ್ನು ಯಾವ ಕಾರ್ಯಕ್ಕೆ ಬಳಸಬೇಕೆಂಬುದೂ ತಿಳಿಯುತ್ತದೆ.

ಡ್ಯೂಕನು 1890ನೆಯ ಇಸವಿ ಆಗಸ್ಟ್ 24ರಂದು ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಗಳ ರಾಜಧಾನಿಯಾದ ಹೊನೊಲುಲು ಪಟ್ಟಣದಲ್ಲಿ ಜನಿಸಿದನು. ಇಂಗ್ಲಿಷಿನಲ್ಲಿ ಡ್ಯೂಕ್ ಎಂಬುದು ಶ್ರೀಮಂತ ಮನೆತನಗಳ ಪದವಿ; ಇವನಿಗಾದರೋ ಅದು ಕೇವಲ ಹೆಸರು. 1869ರಲ್ಲಿ ಎಡಿನ್‌ಬರೋ ಡ್ಯೂಕನು ಆ ದ್ವೀಪಗಳಿಗೆ ಭೇಟಿಯಿತ್ತ ಸಂದರ್ಭದಲ್ಲಿ ಜನಿಸಿದ ಇವನ ತಂದೆಗೆ ಆ ಹೆಸರನ್ನಿಟ್ಟರು. ತಂದೆಯಿಂದ ಅದು ಹಿರಿಯ ಮಗನಿಗೆ ಬಂದಿತು. ತಂದೆ ಪೊಲೀಸ್ ಇಲಾಖೆಯ ನೌಕರ. ಐವರು ತಮ್ಮಂದಿರು, ಮೂವರು ತಂಗಿಯರು ಇದ್ದ ದೊಡ್ಡ ಸಂಸಾರ. ಮನೆಯಿದ್ದುದು ವೈಕಿಕಿ ಎಂಬ ಕಡಲ ತೀರದಲ್ಲಿ. ಆ ಮಕ್ಕಳಿಗೆ ಕಡಲೇ ಆಟದ ಅಂಗಳವಾಗಿದ್ದಿತು.

ಅವನ ಬಾಲ್ಯವು ಆ ನಾಡಿಗೆ ಕಷ್ಟದ ಕಾಲ. 1893ರಲ್ಲಿ ಹವಾಯಿಯ ರಾಣಿಯನ್ನು ಸಿಂಹಾಸನದಿಂದ ಇಳಿಸಲಾಯಿತು. 1898ರಲ್ಲಿ ಆ ದ್ವೀಪಗಳು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿಹೋದವು. ಅದಕ್ಕೂ ಮೊದಲೇ ಹೊರಗಿನಿಂದ ಬಂದ ರೋಗಗಳಿಂದ ಮೂಲನಿವಾಸಿಗಳ ಸಂಖ್ಯೆ ಬಹಳವಾಗಿ ಕುಗ್ಗಿದ್ದಿತು. ಅಲೆಯ ಸವಾರಿಯು ಸೋಮಾರಿಗಳ ಆಟವೆಂದು ಹೊಸದಾಗಿ ಬಂದ ಬೋಧಕರು ಅದನ್ನು ಹಳಿದಿದ್ದರು. ಹೀಗೆ ರಾಜರೂ ಪ್ರಜೆಗಳೂ ಒಂದೇ ಕಡಲಿನಲ್ಲಿ ಆಡುತ್ತಿದ್ದ ಆ ಪ್ರಾಚೀನ ಕಲೆಯು ನಶಿಸುವ ಸ್ಥಿತಿಗೆ ಬಂದಿದ್ದಿತು.

ಪೂರ್ವಿಕರು ಹಲಗೆಯನ್ನು ಮಾಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ಅವರು ಮರವನ್ನು ಕಣ್ಣಿಗೆ ಕಂಡಂತೆ ಕಡಿಯುತ್ತಿರಲಿಲ್ಲ. ಮೊದಲು ತಕ್ಕ ಮರವನ್ನು ಹುಡುಕಿ, ಅದರ ಬುಡದಲ್ಲಿ ಕೆಂಪು ಮೀನೊಂದನ್ನು ಕಾಣಿಕೆಯಾಗಿ ಇಟ್ಟು, ಅನಂತರ ಕೊಡಲಿ ಹಾಕುತ್ತಿದ್ದರು. ಕಲ್ಲಿನ ಬಾಚಿಯಿಂದ ಕೆತ್ತಿ, ಹವಳದ ತುಂಡಿನಿಂದ ಉಜ್ಜಿ ನಯಗೊಳಿಸಿ, ಕುಕುಯಿ ಎಂಬ ಕಾಯಿಯ ಎಣ್ಣೆಯನ್ನು ಹಚ್ಚುತ್ತಿದ್ದರು. ಬಳಕೆಯಾದ ಮೇಲೆ ಹಲಗೆಯನ್ನು ಒಣಗಿಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ತೂಗುಹಾಕುತ್ತಿದ್ದರು. ಅಲಾಯಾ ಎಂಬುದು ತೆಳುವಾದ, ಗಿಡ್ಡನೆಯ ಹಲಗೆ. ಕಡಿದಾದ ಅಲೆಗೆ ಅದು ಯೋಗ್ಯ. ಓಲೋ ಎಂಬುದು ಬಹು ಉದ್ದವಾದ, ದಪ್ಪನಾದ ಹಲಗೆ. ನಿಧಾನವಾಗಿ ಉಬ್ಬಿ ಬರುವ ಅಲೆಗೆ ಅದು ತಕ್ಕದ್ದು, ಅದು ಒಡೆಯರಿಗೆ ಮೀಸಲು. ಅಲಾಯಾಕ್ಕೆ ಕೋವಾ ಎಂಬ ಗಟ್ಟಿಮರವೋ ದೀವಿಹಲಸೋ ಬೇಕು. ದಕ್ಷಿಣ ಕನ್ನಡದವರು ಜೀಗುಜ್ಜೆ ಎಂದು ಪಲ್ಯ ಮಾಡಿ ತಿನ್ನುವ ಕಾಯಿಯ ಮರವೇ ಈ ದೀವಿಹಲಸು. ಓಲೋವಿಗೆ ವಿಲಿವಿಲಿ ಎಂಬ ಅತಿ ಹಗುರವಾದ ಮರವನ್ನು ಬಯಸುತ್ತಿದ್ದರು. ಅದು ನಮ್ಮ ಹಾಲುವಾಣದ ಕುಲಕ್ಕೆ ಸೇರಿದ್ದು. ಅಲೆಗೆ ತಕ್ಕ ಆಕಾರ, ಆಕಾರಕ್ಕೆ ತಕ್ಕ ಮರ: ಇದು ಅವರ ಸೂತ್ರ. ನಮ್ಮ ಕರಾವಳಿಯ ಮೊಗವೀರರು ದೋಣಿಗೆ ಮಾವು, ಹೆಬ್ಬಲಸುಗಳನ್ನು ಆರಿಸುತ್ತಿದ್ದುದೂ ಇಂತಹ ಅನುಭವದಿಂದಲೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈಕಿಕಿಯ ಕೆಲವು ತರುಣರು ಈ ಕಲೆಗೆ ಮರುಜೀವ ಕೊಟ್ಟರು. ಡ್ಯೂಕನು ಅವರಲ್ಲಿ ಅಗ್ರಗಣ್ಯನು. ಗೆಳೆಯರೊಡನೆ ಕೂಡಿ ಅವನು ಹುಯಿ ನಾಲು ಎಂಬ ಅಲೆಗಾರರ ಸಂಘವನ್ನು ಬೆಳೆಸಿದನು. ಮನೆಯ ಬಡತನದಿಂದಾಗಿ ಅವನ ಶಾಲೆಯ ಓದು ಪೂರ್ಣವಾಗಲಿಲ್ಲ. ಆದರೆ ನೀರಿನ ಶಾಲೆಯಲ್ಲಿ ಅವನಂತಹ ವಿದ್ಯಾರ್ಥಿ ಬೇರೊಬ್ಬನಿರಲಿಲ್ಲ.

1911ರ ಆಗಸ್ಟ್ 11ರಂದು ಹೊನೊಲುಲು ಬಂದರಿನ ಉಪ್ಪುನೀರಿನಲ್ಲಿ ಈಜು ಸ್ಪರ್ಧೆ ನಡೆಯಿತು. ಡ್ಯೂಕನು 100 ಗಜಗಳನ್ನು 55.4 ಸೆಕೆಂಡುಗಳಲ್ಲಿ ಈಜಿದನು. ಅಂದಿನವರೆಗಿನ ದಾಖಲೆಗಿಂತ ಇದು 4.6 ಸೆಕೆಂಡುಗಳಷ್ಟು ಕಡಿಮೆ! ಅಮೆರಿಕದ ಕ್ರೀಡಾ ಅಧಿಕಾರಿಗಳು ಇದನ್ನು ನಂಬಲಿಲ್ಲ. ಗಡಿಯಾರಗಳು ಕೆಟ್ಟಿರಬೇಕೆಂದು ಒಮ್ಮೆಯೂ, ಕಡಲಿನ ಸೆಳೆತವು ಸಹಾಯ ಮಾಡಿರಬೇಕೆಂದು ಇನ್ನೊಮ್ಮೆಯೂ ಹೇಳಿ ದಾಖಲೆಯನ್ನು ತಳ್ಳಿಹಾಕಿದರು. ಡ್ಯೂಕನು ವಾದಕ್ಕೆ ನಿಲ್ಲಲಿಲ್ಲ. ಮರುವರ್ಷ, 1912ರಲ್ಲಿ, ಸ್ಟಾಕ್‌ಹೋಮ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ 100 ಮೀಟರ್ ಈಜಿನಲ್ಲಿ ಸುವರ್ಣ ಪದಕವನ್ನೂ, ತಂಡದ ಸ್ಪರ್ಧೆಯಲ್ಲಿ ರಜತ ಪದಕವನ್ನೂ ಗೆದ್ದುಕೊಂಡನು. ಅದಕ್ಕಿಂತ ದೊಡ್ಡ ಉತ್ತರ ಇನ್ನೇನು ಬೇಕು?

ಕೀರ್ತಿ ಬಂದೊಡನೆ ದೇಶದೇಶಗಳಿಂದ ಕರೆಗಳು ಬಂದವು. 1914ರ ಕೊನೆಯಲ್ಲಿ ಅವನು ಈಜು ಪ್ರದರ್ಶನಕ್ಕಾಗಿ ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆ ಹೋದನು. ಅಲ್ಲಿನ ಅಲೆಗಳನ್ನು ಕಂಡ ಅವನ ಕಾಲುಗಳು ಹಲಗೆಯನ್ನು ಬಯಸಿದವು. ಆದರೆ ಹಲಗೆಯನ್ನು ಅವನು ತಂದಿರಲಿಲ್ಲ. ಅವನು ಶುಗರ್ ಪೈನ್ ಎಂಬ ಮರವನ್ನು ಆರಿಸಿಕೊಂಡು, ತನ್ನ ಅಳತೆಗೂ ಅಲ್ಲಿನ ಅಲೆಗೂ ಹೊಂದುವಂತೆ ಹಲಗೆಯನ್ನು ರೂಪಿಸಿದನು. ಫ್ರೆಶ್‌ವಾಟರ್ ಎಂಬ ಕಡಲ ತೀರದಲ್ಲಿ ಆ ಹಲಗೆಯ ಮೇಲೆ ನಿಂತು ಅವನು ಬಂದಾಗ ದಡದಲ್ಲಿದ್ದ ಜನಸ್ತೋಮವು ಬೆರಗಾಯಿತು. 1915ರ ಆರಂಭದಲ್ಲಿ ಇಸಬೆಲ್ ಲೆಥಮ್ ಎಂಬ 15 ವರ್ಷದ ಬಾಲಿಕೆಯನ್ನು ತನ್ನ ಹಲಗೆಯ ಮೇಲೆ ನಿಲ್ಲಿಸಿಕೊಂಡು ಅಲೆಯನ್ನಿಳಿದನು. ಆಸ್ಟ್ರೇಲಿಯದಲ್ಲಿ ಈ ಕ್ರೀಡೆಯು ಜನಪ್ರಿಯವಾದುದು ಅಲ್ಲಿಂದ. ಆ ಹಲಗೆಯು ಫ್ರೆಶ್‌ವಾಟರಿನ ಜೀವರಕ್ಷಕರ ಸಂಘದಲ್ಲಿ ಇಂದಿಗೂ ಸುರಕ್ಷಿತವಾಗಿದೆ.

1916ರ ಒಲಿಂಪಿಕ್ ಕ್ರೀಡೆಗಳು ಮಹಾಯುದ್ಧದಿಂದ ನಿಂತುಹೋದವು. 1920ರಲ್ಲಿ ಆಂಟ್ವರ್ಪ್ ನಗರದಲ್ಲಿ ಅವನು ಮತ್ತೆರಡು ಸುವರ್ಣ ಪದಕಗಳನ್ನು ಪಡೆದನು. 1924ರಲ್ಲಿ ಪ್ಯಾರಿಸಿನಲ್ಲಿ ತರುಣನಾದ ಜಾನಿ ವೈಸ್‌ಮುಲ್ಲರ್ ಮೊದಲಿಗನಾದನು, ಡ್ಯೂಕನು ಎರಡನೆಯವನು, ಮೂರನೆಯವನು ಡ್ಯೂಕನ ಸ್ವಂತ ತಮ್ಮ ಸ್ಯಾಮ್! ಆದರೆ ಪದಕಗಳಿಂದ ಹೊಟ್ಟೆ ತುಂಬುವುದೇ? ಕ್ರೀಡೆಯಿಂದ ಹಣ ಗಳಿಸಿದವನಿಗೆ ಅಂದು ಒಲಿಂಪಿಕ್ ಬಾಗಿಲು ಮುಚ್ಚುತ್ತಿದ್ದಿತು. ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿಯೂ, ಮುಂದೆ ಪೆಟ್ರೋಲ್ ಬಂಕ್ ನೋಡಿಕೊಂಡೂ ಅವನು ಜೀವನವನ್ನು ಸಾಗಿಸಬೇಕಾಯಿತು.

ಇನ್ನು ಅವನ ಬಾಳಿನ ಅತಿ ದೊಡ್ಡ ಪರೀಕ್ಷೆಯ ದಿನಕ್ಕೆ ಬರೋಣ. ಆ ದಿನ ಪದಕವೂ ಇರಲಿಲ್ಲ, ಗಡಿಯಾರ ಹಿಡಿದ ತೀರ್ಪುಗಾರರೂ ಇರಲಿಲ್ಲ. 1925ನೆಯ ಇಸವಿ ಜೂನ್ 14. ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬಂದರಿನ ಬಾಯಿಯಲ್ಲಿ ಕಡಲು ಕೆರಳಿದ್ದಿತು. 29 ಜನರನ್ನು ಹೊತ್ತ ಥೆಲ್ಮಾ ಎಂಬ ಮೀನುಗಾರಿಕೆಯ ದೋಣಿಯು ಭಾರಿ ಅಲೆಗಳ ಹೊಡೆತಕ್ಕೆ ಸಿಕ್ಕಿ ಮಗುಚಿತು. ಡ್ಯೂಕನು ಆಗ ಗೆಳೆಯರೊಡನೆ ಆ ತೀರದಲ್ಲಿದ್ದನು. ಕ್ಷಣವೂ ತಡಮಾಡದೆ ಹಲಗೆಯನ್ನು ನೀರಿಗೆ ತಳ್ಳಿ, ಅದರ ಮೇಲೆ ಮಲಗಿ, ಎರಡು ಕೈಗಳಿಂದ ನೀರನ್ನು ಬಗೆಯುತ್ತ ನುಗ್ಗಿದನು. ಮುಳುಗುತ್ತಿದ್ದವರನ್ನು ಹಲಗೆಯ ಮೇಲೆಳೆದುಕೊಂಡು ದಡ ಸೇರಿಸಿ ಪುನಃ ಹೋದನು. ಹೀಗೆ ಮತ್ತೆ ಮತ್ತೆ ಹೋಗಿಬಂದು ಅವನೊಬ್ಬನೇ 8 ಪ್ರಾಣಗಳನ್ನು ಉಳಿಸಿದನು. ಅವನ ಗೆಳೆಯರು ಉಳಿಸಿದವರು 4 ಮಂದಿ. ಉಳಿದ 17 ಜನರು ಜಲಸಮಾಧಿಯಾದರು.

ಬಾಲಕರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಬರಿಗೈಯಲ್ಲಿ ಈಜುವವನು ಎಷ್ಟೇ ಬಲಶಾಲಿಯಾದರೂ ಮುಳುಗುವವನ ಹಿಡಿತಕ್ಕೆ ಸಿಕ್ಕರೆ ತಾನೂ ಮುಳುಗುವ ಭಯವುಂಟು. ಹಲಗೆಯಾದರೋ ಇಬ್ಬರನ್ನೂ ತೇಲಿಸುತ್ತದೆ. ಸೋಮಾರಿಗಳ ಆಟವೆಂದು ಹಳಿಸಿಕೊಂಡ ಹಲಗೆಯೇ ಅಂದು ಪ್ರಾಣದಾಯಿನಿಯಾಯಿತು. ಈ ಘಟನೆಯ ಅನಂತರ ಅಮೆರಿಕದ ಕಡಲ ತೀರಗಳ ಜೀವರಕ್ಷಕರು ಹಲಗೆಯನ್ನು ತಮ್ಮ ಸಾಧನವನ್ನಾಗಿ ಮಾಡಿಕೊಂಡರು.

ಡ್ಯೂಕನ ಸ್ನೇಹದಿಂದ ಪ್ರಭಾವಿತನಾದ ಟಾಮ್ ಬ್ಲೇಕ್ ಎಂಬ ಅಮೆರಿಕನ್ ತರುಣನು ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದ್ದ ಪ್ರಾಚೀನ ಓಲೋ ಹಲಗೆಗಳನ್ನು ಅಭ್ಯಾಸ ಮಾಡಿದನು. ಆಕಾರವನ್ನು ಉಳಿಸಿಕೊಂಡು ಭಾರವನ್ನು ಇಳಿಸಲು ಅವನು ಒಳಗೆ ಪೊಳ್ಳಾದ ಹಲಗೆಯನ್ನು ನಿರ್ಮಿಸಿ, 1932ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. 1935ರಲ್ಲಿ ಹಲಗೆಯ ಅಡಿಗೆ ಮೀನಿನ ರೆಕ್ಕೆಯಂತಹ ಪಟ್ಟಿಯನ್ನು ಜೋಡಿಸಿದನು. ಹಲಗೆಯು ಅಡ್ಡಕ್ಕೆ ಜಾರುವುದು ಅದರಿಂದ ನಿಂತಿತು. ಡ್ಯೂಕನಿಗಾದರೋ ಪೂರ್ವಿಕರ ಗಟ್ಟಿ ಹಲಗೆಯ ಮೇಲೆಯೇ ಪ್ರೀತಿ. 1930ರ ಸುಮಾರಿನ ಅವನ ಹಲಗೆಯು ಕೋವಾ ಮರದ್ದು. ಉದ್ದ 16 ಅಡಿ, ತೂಕ 114 ಪೌಂಡು, ಎಂದರೆ ಸುಮಾರು 52 ಕಿಲೋ. ಅಂತಹ ಭಾರವನ್ನು ಅಲೆಯ ಮೇಲೆ ಆಳಬಲ್ಲ ಕಾಲುಗಳು ಅವನವು. ಇಂತಹ ನೀಳವಾದ ಹಲಗೆಯ ಮೇಲೆ ಅವನು ಒಂದೇ ಅಲೆಯನ್ನೇರಿ ಮೈಲಿಗೂ ಹೆಚ್ಚು ದೂರ ಬಂದುದು ವೈಕಿಕಿಯಲ್ಲಿ ಮನೆಮಾತಾಯಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ವೈಕಿಕಿಯ ಅಲೆಗಾರರಲ್ಲಿ ಕೆಲವರು ದೊಡ್ಡ ಹಲಗೆಯ ಮೇಲೆ ನಿಂತುಕೊಂಡೇ ದೋಣಿಯ ಹುಟ್ಟಿನಿಂದ ನೀರನ್ನು ತಳ್ಳುತ್ತ, ಕಲಿಯುವವರ ಮೇಲೆ ಕಣ್ಣಿಡುತ್ತಿದ್ದರು. ಆ ಪದ್ಧತಿಯು 2000ದ ಅನಂತರ ಹೊಸ ಕ್ರೀಡೆಯಾಗಿ ಲೋಕವನ್ನೆಲ್ಲ ವ್ಯಾಪಿಸಿತು. ನಮ್ಮ ಕರ್ನಾಟಕದ ಮೂಲ್ಕಿ, ಸಸಿಹಿತ್ಲು ತೀರಗಳಲ್ಲಿಯೂ ತರುಣ ತರುಣಿಯರು ಇದನ್ನು ಅಭ್ಯಾಸ ಮಾಡುತ್ತಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮಲ್ಲಿ ಕೆಲವರಿಗೆ ಇಂತಹ ಹಲಗೆಯನ್ನು ಆರಿಸುವ ಅವಕಾಶ ಬರಬಹುದು. ಆಗ ಏನನ್ನು ನೋಡಬೇಕು?

ಮೊದಲನೆಯದು ಗಾತ್ರ. ವಿಜ್ಞಾನದ ತರಗತಿಯಲ್ಲಿ ಕಲಿತ ಆರ್ಕಿಮಿಡೀಸನ ತತ್ತ್ವವನ್ನು ನೆನೆಯಿರಿ. ಒಂದು ಲೀಟರ್ ನೀರನ್ನು ಸರಿಸುವ ವಸ್ತುವನ್ನು ಸಿಹಿನೀರು ಒಂದು ಕಿಲೋ ಬಲದಿಂದ ಎತ್ತುತ್ತದೆ. ಉಪ್ಪುನೀರು ಇನ್ನೂ ತುಸು ಹೆಚ್ಚು. 45 ಕಿಲೋ ತೂಕದ ಹುಡುಗನೂ 10 ಕಿಲೋ ತೂಕದ ಹಲಗೆಯೂ ಸೇರಿದರೆ 55 ಲೀಟರ್ ಗಾತ್ರದ ಹಲಗೆಯು ಮುಳುಗುವ ಅಂಚಿನಲ್ಲಿರುತ್ತದೆ. ಕಲಿಯುವವನು ಅಲುಗಾಡದೆ ನಿಲ್ಲಬೇಕಾದರೆ ಅದಕ್ಕಿಂತ ಬಹಳ ಹೆಚ್ಚಿನ ಗಾತ್ರ ಬೇಕು. ಎರಡನೆಯದು ಅಗಲ. ಸುಮಾರು 30 ಅಂಗುಲ ಅಗಲವು ಕಾಲಿಗೆ ಧೈರ್ಯವನ್ನು ಕೊಡುತ್ತದೆ. ತೀರ ಕಿರಿದಾದುದು ಪಳಗಿದವರಿಗೆ ಮಾತ್ರ. ಮೂರನೆಯದು ಆಕಾರ. ನಿಶ್ಚಲವಾದ ನೀರಿನಲ್ಲಿ ದೂರ ಸಾಗಲು ಉದ್ದವಾದ, ಚಪ್ಪಟೆಯಾದ ಹಲಗೆ ಸಾಕು. ಅಲೆಯನ್ನು ಇಳಿಯಲು ಗಿಡ್ಡನೆಯದೂ, ಮೂತಿ ಮೇಲಕ್ಕೆ ಬಾಗಿರುವುದೂ ಬೇಕು. ಇಲ್ಲವಾದರೆ ಮೂತಿಯು ನೀರಿಗೆ ಚುಚ್ಚಿಕೊಂಡು ಸವಾರನನ್ನು ಉರುಳಿಸುತ್ತದೆ. ನಾಲ್ಕನೆಯದು ಕಟ್ಟಡ. ಇಂದಿನ ಹಲಗೆಯ ಒಡಲು ಹಗುರವಾದ ಫೋಮ್. ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಿರುತ್ತಾರೆ. ಬಣ್ಣಕ್ಕೆ ಮರುಳಾಗದೆ ಅಂಗೈಯಿಂದ ಒತ್ತಿ ನೋಡಿರಿ. ಮೆತ್ತಗೆ ಒಳಸರಿದರೆ ಹೊರಪದರವು ಒಡಲಿನಿಂದ ಬಿಟ್ಟಿದೆಯೆಂದು ತಿಳಿಯಿರಿ. ಅಂಚಿನಲ್ಲಿ ಬಿರುಕಿದ್ದರೆ ಅಲ್ಲಿಂದ ನೀರು ಒಳಸೇರಿ ದಿನೇ ದಿನೇ ಭಾರವೇರುತ್ತದೆ. ಅಡಿಯ ರೆಕ್ಕೆಗಳು ಅಲುಗದಂತೆ ಕುಳಿತಿರಬೇಕು. ಹಲಗೆಗೂ ಕಾಲಿಗೂ ಕಟ್ಟುವ ಹಗ್ಗವು ಸವೆದಿರಬಾರದು. ಕೊನೆಯದಾಗಿ, ಈಜು ಬಾರದವನು ಎಂತಹ ಹಲಗೆಯನ್ನೂ ನಂಬಿ ಅಲೆಗಿಳಿಯಬಾರದು.

ಡ್ಯೂಕನು 1930ರ ದಶಕದಿಂದ 1961ರವರೆಗೆ ಹೊನೊಲುಲುವಿನ ಷೆರೀಫನಾಗಿ ಮತ್ತೆ ಮತ್ತೆ ಚುನಾಯಿತನಾದನು. 1940ರಲ್ಲಿ ನೇಡೀನ್ ಎಂಬ ನೃತ್ಯ ಶಿಕ್ಷಕಿಯನ್ನು ವಿವಾಹವಾದನು. ದ್ವೀಪಕ್ಕೆ ಬಂದ ಅತಿಥಿಗಳನ್ನೆಲ್ಲ ಹೂಮಾಲೆಯಿಂದ ಸ್ವಾಗತಿಸುವ ಹಿರಿಯನಾಗಿ ಎಲ್ಲರ ಗೌರವಕ್ಕೆ ಪಾತ್ರನಾದನು. 1968ರ ಜನವರಿ 22ರಂದು, 77ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ನಿಧನನಾದನು. ಅವನ ಚಿತಾಭಸ್ಮವನ್ನು ವೈಕಿಕಿಯ ಕಡಲಿಗೇ ಅರ್ಪಿಸಿದರು. 1990ರಲ್ಲಿ, ಅವನ ಜನ್ಮದ ನೂರನೆಯ ವರ್ಷ, ಆ ತೀರದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಅವನ ಬೆನ್ನ ಹಿಂದೆ ಹಲಗೆಯೂ ನಿಂತಿದೆ.

ನಾಲ್ಕು ಜನರ ಮುಂದೆ ಮೆರೆಯಲು ಬೇಕಾದ ಹಲಗೆಯನ್ನು ಯಾರಾದರೂ ಕೊಂಡಾರು. ಕೆರಳಿದ ಕಡಲಿನಲ್ಲಿ, ಬೇರೊಬ್ಬನ ಪ್ರಾಣದ ಭಾರವನ್ನೂ ಹೊತ್ತು, ದಡಕ್ಕೆ ಮರಳಿ ತರಬಲ್ಲ ಹಲಗೆಯೇ ಒಳ್ಳೆಯ ಹಲಗೆ. ನಮ್ಮ ನುಡಿಯ ನಾಡಿನಿಂದ ದೂರವಿದ್ದು, ಈ ಮಹಾನಗರದ ಜನಸಾಗರದಲ್ಲಿ ಓದುತ್ತಿರುವ ನೀವೂ ನಿಮ್ಮ ವಿದ್ಯೆಯನ್ನು ಹಾಗೆಯೇ ಆರಿಸಿಕೊಳ್ಳಿರಿ. ಹೊಳಪನ್ನು ನೋಡಬೇಡಿರಿ, ಗಟ್ಟಿತನವನ್ನು ನೋಡಿರಿ. ದಡದಲ್ಲಿ ನಿಂತಿದ್ದ ಡ್ಯೂಕನು ಹಲಗೆಯನ್ನು ಹಿಡಿದು ನೀರಿಗೆ ಧುಮುಕಿದ ಆ ಜೂನ್ ತಿಂಗಳ ದಿನವನ್ನು ಮಾತ್ರ ಎಂದೂ ಮರೆಯದಿರಿ.