ಮೈಕೆಲ್ ಫ್ಯಾರಡೆ

ಮೈಕೆಲ್ ಫ್ಯಾರಡೆ (ಸೆಪ್ಟೆಂಬರ್ 22, 1791 – ಆಗಸ್ಟ್ 25, 1867) ಇಂಗ್ಲೆಂಡಿನ ಪ್ರಖ್ಯಾತ ಭೌತವಿಜ್ಞಾನಿ ಹಾಗೂ ರಸಾಯನವಿಜ್ಞಾನಿ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದವರೆಂದು ಇವರು ಪ್ರಸಿದ್ಧರು. ಆದರೆ ಭೌತವಿಜ್ಞಾನದ ಆಲೋಚನಾಕ್ರಮವನ್ನೇ ಬದಲಿಸಿದ್ದು ಇವರ ಬಲರೇಖೆಗಳ ಕಲ್ಪನೆ.

ಬಾಲ್ಯ

ಫ್ಯಾರಡೆ ಲಂಡನ್ ಬಳಿಯ ನ್ಯೂಯಿಂಗ್ಟನ್‌ನಲ್ಲಿ ಕಮ್ಮಾರರೊಬ್ಬರ ಮಗನಾಗಿ ಜನಿಸಿದರು. ಬಡತನದಿಂದಾಗಿ ಓದು, ಬರಹ, ಸರಳ ಲೆಕ್ಕಗಳಿಗಿಂತ ಹೆಚ್ಚಿನ ಶಿಕ್ಷಣ ದೊರೆಯಲಿಲ್ಲ. 14ನೆಯ ವಯಸ್ಸಿನಲ್ಲಿ ಜಾರ್ಜ್ ರೀಬೋ ಅವರ ಪುಸ್ತಕ ಬೈಂಡಿಂಗ್ ಅಂಗಡಿಗೆ ಸೇರಿ, ಅಲ್ಲಿಗೆ ಬರುತ್ತಿದ್ದ ಪುಸ್ತಕಗಳನ್ನೇ ಓದಿ ವಿಜ್ಞಾನದಲ್ಲಿ ಆಸಕ್ತಿ ಬೆಳೆಸಿಕೊಂಡರು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ತಾವೇ ಬೈಂಡ್ ಮಾಡಿ ಅವರಿಗೆ ಕಳುಹಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಯವರ ಸಹಾಯಕರಾದರು.

ಬಲರೇಖೆಗಳು

ವಿದ್ಯುದಾವೇಶಗಳು ನಡುವಣ ಅವಕಾಶವನ್ನು ಲೆಕ್ಕಿಸದೆ ದೂರದಿಂದಲೇ ಒಂದನ್ನೊಂದು ಸೆಳೆಯುತ್ತವೆ ಅಥವಾ ತಳ್ಳುತ್ತವೆ ಎಂದು ಆ ಕಾಲದ ಗಣಿತಜ್ಞರು ಭಾವಿಸಿದ್ದರು. ಉನ್ನತ ಗಣಿತವನ್ನು ಕಲಿಯದ ಫ್ಯಾರಡೆ, ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿಯು ಮೂಡಿಸುವ ವಕ್ರರೇಖೆಗಳನ್ನು ಆಧಾರವಾಗಿಟ್ಟುಕೊಂಡು ಬೇರೆಯದೇ ದಾರಿ ಹಿಡಿದರು. ವಿದ್ಯುತ್ ಬಲವೂ ಮಾಧ್ಯಮದ ಮೂಲಕ ಇಂತಹ ರೇಖೆಗಳಲ್ಲಿ ಹರಡುತ್ತದೆ ಎಂಬುದು ಅವರ ವಾದವಾಗಿತ್ತು.

ಇಂದಿನ ಪರಿಭಾಷೆಯಲ್ಲಿ, ಬಲರೇಖೆಯ ಯಾವುದೇ ಬಿಂದುವಿನಲ್ಲಿ ಎಳೆದ ಸ್ಪರ್ಶಕವು ಅಲ್ಲಿನ ವಿದ್ಯುತ್ ಕ್ಷೇತ್ರದ ದಿಕ್ಕನ್ನು ಸೂಚಿಸುತ್ತದೆ. ಕ್ಷೇತ್ರವು ಸದಾ ವಿಭವ ಕಡಿಮೆಯಾಗುವ ಕಡೆಗಿರುತ್ತದೆ. ಋಣಾವೇಶದ ಮೇಲಿನ ಬಲ ಮಾತ್ರ ಅದಕ್ಕೆ ವಿರುದ್ಧ ದಿಕ್ಕಿನದು. ವಿದ್ಯಾರ್ಥಿಗಳು ಹೆಚ್ಚಾಗಿ ಗೊಂದಲಗೊಳ್ಳುವುದು ಇಲ್ಲಿಯೇ. ಸಮವಿಭವ ರೇಖೆಗಳು ಬಲರೇಖೆಗಳನ್ನು ಲಂಬವಾಗಿ ಛೇದಿಸುತ್ತವೆ. ಆದ್ದರಿಂದ ಅವುಗಳ ಉದ್ದಕ್ಕೂ ಆವೇಶವನ್ನು ಸಾಗಿಸುವಾಗ ವಿದ್ಯುತ್ ಬಲವು ಯಾವ ಕೆಲಸವನ್ನೂ ಮಾಡುವುದಿಲ್ಲ.

1836ರಲ್ಲಿ ಫ್ಯಾರಡೆ 12 ಅಡಿಯ ಘನಾಕಾರದ ಕೋಣೆಯೊಂದನ್ನು ಮರದ ಚೌಕಟ್ಟು, ತಾಮ್ರದ ತಂತಿ ಹಾಗೂ ತವರದ ಹಾಳೆಗಳಿಂದ ಕಟ್ಟಿಸಿದರು. ಹೊರಮೈಯಿಂದ ಕಿಡಿಗಳು ಹಾರುವಷ್ಟು ಆವೇಶವನ್ನು ಅದಕ್ಕೆ ನೀಡಿ, ತಾವೇ ಒಳಹೊಕ್ಕು ಪರೀಕ್ಷಿಸಿದರು. ಒಳಗಿದ್ದ ವಿದ್ಯುದ್ದರ್ಶಕಗಳಲ್ಲಿ ಆವೇಶದ ಸುಳಿವೇ ಕಾಣಲಿಲ್ಲ. ವಾಹಕದ ಕೋಣೆ ಇಡಿಯಾಗಿ ಒಂದೇ ವಿಭವದಲ್ಲಿರುವುದರಿಂದ ಒಳಗೆ ಕ್ಷೇತ್ರವಿರುವುದಿಲ್ಲ. ಇಂತಹ ರಚನೆಗೆ ಈಗ ಫ್ಯಾರಡೆ ಪಂಜರ ಎಂದು ಹೆಸರು.

ಮನ್ನಣೆ ಮತ್ತು ನಿಧನ

ಪ್ರಯೋಗಕಾರರಾಗಿ ಫ್ಯಾರಡೆಗೆ ಅಪಾರ ಗೌರವ ದೊರೆತರೂ, ಗಣಿತದ ರೂಪವಿಲ್ಲದ ಬಲರೇಖೆಗಳನ್ನು ಅನೇಕ ಸಮಕಾಲೀನರು ಒಪ್ಪಲಿಲ್ಲ. 1855–56ರಲ್ಲಿ 24 ವರ್ಷದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವುಗಳಿಗೆ ಗಣಿತದ ರೂಪ ನೀಡಿದಾಗ ಫ್ಯಾರಡೆಗೆ 64 ವರ್ಷ. ಬಲರೇಖೆಗಳನ್ನೂ ಸಮವಿಭವ ಮೇಲ್ಮೈಗಳನ್ನೂ ಒಟ್ಟಿಗೆ ಚಿತ್ರಿಸಿದ ಮ್ಯಾಕ್ಸ್‌ವೆಲ್‌ರ ಗ್ರಂಥ 1873ರಲ್ಲಿ ಪ್ರಕಟವಾಗುವ ವೇಳೆಗೆ ಅವರು ಬದುಕಿರಲಿಲ್ಲ.

ಫ್ಯಾರಡೆ ನೈಟ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ನಿರಾಕರಿಸಿದ್ದರು. ಹ್ಯಾಂಪ್ಟನ್ ಕೋರ್ಟ್‌ನಲ್ಲಿ ನಿಧನರಾದ ಇವರ ಸಮಾಧಿ ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿದೆ. ವಿದ್ಯುತ್ ಧಾರಕತೆಯ ಏಕಮಾನಕ್ಕೆ ಇವರ ನೆನಪಿನಲ್ಲಿ ಫ್ಯಾರಡ್ ಎಂಬ ಹೆಸರಿಡಲಾಗಿದೆ.